‘ಸ್ಕೇದಿಂಗ್’ ಎಂಬ ಇಂಗ್ಲಿಷ್ ಪದ: ಅರ್ಥ ಹಿಡಿದು ವಾಕ್ಯದಲ್ಲಿ ಸರಿಯಾಗಿ ಕೂರಿಸುವ ಸಮಗ್ರ ಮಾರ್ಗದರ್ಶಿ

ದಾವಣಗೆರೆಯಲ್ಲಿ ಸಂಜೆ ಹೊತ್ತು ಇಂಗ್ಲಿಷ್ ಕಲಿಯಲು ಬರುವವರ ನೋಟ್‌ಬುಕ್ ತಿದ್ದುವುದು ನನ್ನ ಕೆಲಸ. ಹರಿಹರ, ಜಗಳೂರು, ಹೊಳಲ್ಕೆರೆ, ಚಳ್ಳಕೆರೆ ಕಡೆಯ ಹುಡುಗ ಹುಡುಗಿಯರು. ಬ್ಯಾಂಕ್ ಪರೀಕ್ಷೆಗೆ ಓದುವವರು, ಕೆಲಸಕ್ಕೆ ಸೇರಿ ಇಮೇಲ್ ಬರೆಯಲು ಕಷ್ಟಪಡುವವರು. ಕಷ್ಟದ ಪದಗಳನ್ನು ಆಸೆಯಿಂದ ಕಲಿಯುತ್ತಾರೆ. ಆದರೆ ಒಂದು ಪದದಲ್ಲಿ ಮಾತ್ರ ಹೊಸ ಬ್ಯಾಚ್ ಬಂದಾಗಲೆಲ್ಲ ಅದೇ ತಪ್ಪು ನೋಡುತ್ತೇನೆ. ಈ ನಾಲ್ಕು ವಾಕ್ಯ ನೋಡಿ.

“ದಿ ಸನ್ ಈಸ್ ಸ್ಕೇದಿಂಗ್ ಇನ್ ಚಿತ್ರದುರ್ಗ.”
“ದಿ ಮಿರ್ಚಿ ವಾಸ್ ವೆರಿ ಸ್ಕೇದಿಂಗ್.”
“ಮೈ ಬಾಸ್ ಸ್ಕೇದ್ಡ್ ಮಿ.”
“ಮೈ ಫಾದರ್ ಈಸ್ ಎ ಸ್ಕೇದಿಂಗ್ ಮ್ಯಾನ್.”

ನಾಲ್ಕೂ ತಪ್ಪು. ಬರೆದವರು ದಡ್ಡರಲ್ಲ. ‘ಸ್ಕೇದಿಂಗ್ ಅಂದರೆ ಕಟುವಾದ, ಸುಡುವಂಥ’ ಎಂದು ಬಾಯಿಪಾಠ ಮಾಡಿದ್ದಾರೆ, ಅಷ್ಟೇ. ಕನ್ನಡದಲ್ಲಿ ಬಿಸಿಲೂ ಸುಡುತ್ತದೆ, ಮೆಣಸಿನಕಾಯಿಯೂ ಸುಡುತ್ತದೆ, ಮಾತೂ ಸುಡುತ್ತದೆ. ಈ ಇಂಗ್ಲಿಷ್ ಪದಕ್ಕೆ ಮೂರನೆಯದು ಮಾತ್ರ ಗೊತ್ತು. ಇದು ಮಾತಿಗೆ ಅಂಟುವ ಪದ. ಈ ಒಂದು ಸಂಗತಿ ಕೈಗೆ ಹತ್ತಿದರೆ ಉಳಿದದ್ದು ಸಲೀಸು. ಕೆಳಗಿನ ಹಂತಗಳನ್ನು ಕೊಟ್ಟ ಕ್ರಮದಲ್ಲೇ ಮಾಡಿ. ನೇರವಾಗಿ ವಾಕ್ಯ ಬರೆಯಲು ಕುಳಿತವರೇ ಜಾಸ್ತಿ ಎಡವುತ್ತಾರೆ.

ಶುರು ಮಾಡುವ ಮೊದಲು ಬೇಕಾದದ್ದು

ಒಂದು ನೋಟ್‌ಬುಕ್, ಒಂದು ಕೆಂಪು ಪೆನ್ನು. ಒಂದು ವಾರದ ಇಂಗ್ಲಿಷ್ ಪತ್ರಿಕೆಗಳು. ಮನೆಗೆ ತರಿಸದಿದ್ದರೆ ಲೈಬ್ರರಿಯಲ್ಲಿ ಕೂತು ಓದಿ. ಮೊಬೈಲ್‌ನಲ್ಲಿ ಕಲಿಯುವವರಿಗಾಗಿಯೇ ಮಾಡಿದ ಇಂಗ್ಲಿಷ್-ಇಂಗ್ಲಿಷ್ ನಿಘಂಟು. ಆಕ್ಸ್‌ಫರ್ಡ್, ಕೇಂಬ್ರಿಜ್, ಲಾಂಗ್‌ಮನ್ ಮೂರೂ ಉಚಿತವಾಗಿ ಸಿಗುತ್ತವೆ, ಉಚ್ಚಾರಣೆಯನ್ನೂ ಕೇಳಿಸುತ್ತವೆ.

ಇಂಗ್ಲಿಷ್-ಕನ್ನಡ ನಿಘಂಟು ಇಟ್ಟುಕೊಳ್ಳಿ, ಬೇಡ ಅನ್ನುವುದಿಲ್ಲ. ಆದರೆ ಅದೊಂದನ್ನೇ ನಂಬಬೇಡಿ. ಅದು ಪದಕ್ಕೆ ಪದ ಕೊಡುತ್ತದೆ. ಆ ಪದ ಯಾವ ಪದದ ಪಕ್ಕ ಕೂರುತ್ತದೆ ಎಂಬುದು ಉದಾಹರಣೆ ವಾಕ್ಯಗಳಲ್ಲಿ ಮಾತ್ರ ಸಿಗುತ್ತದೆ. ನಮ್ಮ ತಪ್ಪುಗಳೆಲ್ಲ ಹುಟ್ಟುವುದು ಆ ಪಕ್ಕದ ಜಾಗದಲ್ಲೇ.

ಇನ್ನೊಂದು ಮಾತು. ಇಲ್ಲಿ ಇಂಗ್ಲಿಷ್ ವಾಕ್ಯಗಳನ್ನು ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಓದುತ್ತಾ ಹೋದಂತೆ ನೋಟ್‌ಬುಕ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಳ್ಳಿ. ಸ್ಪೆಲ್ಲಿಂಗ್ ಹೀಗಿದೆ: ಎಸ್, ಸಿ, ಎ, ಟಿ, ಎಚ್, ಐ, ಎನ್, ಜಿ. ಎಸ್ ಆದಮೇಲೆ ಕೆ ಅಲ್ಲ, ಸಿ.

ಹಂತ 1: ಮೊದಲು ಬಾಯಿಗೆ ಬರಲಿ

‘ಸ್ಕೇ’ ದೀರ್ಘ. ಆಮೇಲೆ ‘ದಿಂಗ್’. ಇಲ್ಲಿ ಟಿಎಚ್ ಅನ್ನು ‘ಥ’ ಎಂದು ಓದಬಾರದು. ‘ದಿಸ್’, ‘ದಟ್’ ಎನ್ನುವಾಗ ಬರುವ ಮೃದು ‘ದ’ ಅದು. ನಾಲಗೆಯ ತುದಿ ಹಲ್ಲುಗಳ ನಡುವೆ ಸುಮ್ನೆ ತಾಗಬೇಕು. ‘ಬ್ರೀದಿಂಗ್’ ಎಂದು ಸರಿಯಾಗಿ ಹೇಳುವವರಿಗೆ ಇದು ಕಷ್ಟವಲ್ಲ. ಅದೇ ‘ದಿಂಗ್’.

ನಾನು ಕೇಳುವ ತಪ್ಪುಗಳು ಮೂರು. ‘ಸ್ಕ್ಯಾಥಿಂಗ್’ ಎನ್ನುವವರು ಸ್ಪೆಲ್ಲಿಂಗ್ ನೋಡಿ ಓದುತ್ತಾರೆ. ‘ಸ್ಕೇಟಿಂಗ್’ ಎನ್ನುವವರು ಚಕ್ರದ ಬೂಟು ಹಾಕಿ ಜಾರುವ ಆಟದ ಹೆಸರು ಹೇಳುತ್ತಿದ್ದಾರೆ, ಅದು ಬೇರೆಯೇ ಪದ. ‘ಇಸ್ಕೇದಿಂಗ್’ ಎನ್ನುವವರಿಗೆ ಮುಂದಿನ ‘ಇ’ ಬಿಡಲು ಒಂದೆರಡು ದಿನ ಬೇಕು. ‘ಇಸ್ಕೂಲು’ ಹೋಗಿ ‘ಸ್ಕೂಲು’ ಬಂದ ಹಾಗೆ ಇದೂ ಬರುತ್ತದೆ.

ಮೊಬೈಲ್ ನಿಘಂಟಿನಲ್ಲಿ 10 ಸಲ ಕೇಳಿ, 10 ಸಲ ಜೋರಾಗಿ ಹೇಳಿ. ಇಷ್ಟಾದ ಮೇಲೆ ಮುಂದಕ್ಕೆ ಹೋಗಿ.

ಹಂತ 2: ಕನ್ನಡದ ಬೈಗುಳದ ಮೆಟ್ಟಿಲಲ್ಲಿ ಇದರ ಜಾಗ ಹುಡುಕಿ

ಈ ಹಂತಕ್ಕೆ ಒಂದು ಇಡೀ ಸಂಜೆ ಕೊಡಿ. ಅರ್ಥ ಗಟ್ಟಿಯಾಗುವುದು ಇಲ್ಲಿ.

ತಪ್ಪು ಹಿಡಿದು ಮಾತಾಡುವುದಕ್ಕೆ ನಮ್ಮಲ್ಲಿ ಎಷ್ಟು ಪದಗಳಿವೆ ನೋಡಿ. ಗದರುವುದು, ಬೈಯುವುದು, ಉಗಿಯುವುದು, ಚುಚ್ಚುವುದು, ಕೊಂಕು ಮಾತಾಡುವುದು, ಹಂಗಿಸುವುದು, ಝಾಡಿಸುವುದು, ತರಾಟೆಗೆ ತೆಗೆದುಕೊಳ್ಳುವುದು, ಛೀಮಾರಿ ಹಾಕುವುದು. ಒಂದೊಂದರ ಖಾರ ಬೇರೆ, ಅಲ್ವಾ? ಮಗು ಬೀದಿಗೆ ಓಡಿದಾಗ ಅಮ್ಮ ಗದರುತ್ತಾಳೆ. ಸಿಟ್ಟಿನಲ್ಲಿ ಬಾಯಿಗೆ ಬಂದದ್ದು ಅಂದರೆ ಅದು ಬೈಗುಳ. ಹೊಗಳಿದ ಹಾಗೆ ಮಾಡಿ ಒಳಗೆ ಮುಳ್ಳು ಇಟ್ಟರೆ ಕೊಂಕು. ಈ ಮೂರೂ ಸ್ಕೇದಿಂಗ್ ಅಲ್ಲ.

ಒಂದು ಗ್ರಾಮಸಭೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಕೆರೆ ಹೂಳೆತ್ತಿದ್ದೇವೆ ಎಂದು ಅಧಿಕಾರಿ ಲೆಕ್ಕ ಓದುತ್ತಾರೆ. ಹಿಂದಿನ ಸಾಲಿನಿಂದ ಒಬ್ಬ ಅಜ್ಜಿ ಎದ್ದು ನಿಲ್ಲುತ್ತಾಳೆ. ದನಿ ಏರಿಸುವುದಿಲ್ಲ. ಒಂದು ಕೆಟ್ಟ ಮಾತೂ ಆಡುವುದಿಲ್ಲ. “ಹೂಳು ತೆಗೆದಿದ್ದು ಯಾವ ತಿಂಗಳು? ಆ ತಿಂಗಳು ನಾನು ದಿನಾ ಕೆರೆ ಏರಿ ಮೇಲೆ ಕುರಿ ಮೇಯಿಸಿದ್ದೀನಿ. ಒಂದು ಟ್ರ್ಯಾಕ್ಟರೂ ಕಾಣಲಿಲ್ಲ. ತೆಗೆದ ಮಣ್ಣು ಎಲ್ಲಿ ಹಾಕಿದ್ರಿ, ತೋರಿಸಿ. ದುಡ್ಡು ಮಾತ್ರ ಹೂಳಿನಲ್ಲಿ ಹೋಯ್ತು” ಎನ್ನುತ್ತಾಳೆ. ಇಡೀ ಸಭೆ ಗಪ್‌ಚುಪ್. ಅಧಿಕಾರಿ ತಲೆ ತಗ್ಗಿಸುತ್ತಾರೆ.

ಆ ಅಜ್ಜಿಯ ಮಾತು ಸ್ಕೇದಿಂಗ್. ಅವಳ ಸಿಟ್ಟಿನಿಂದ ಅಲ್ಲ, ಅವಳ ಮಾತು ಎದುರಿನವರ ತಪ್ಪನ್ನು ಬಟಾಬಯಲು ಮಾಡಿದ್ದರಿಂದ. ಎಲ್ಲೂ ರಿಯಾಯಿತಿ ಇಲ್ಲ. ‘ಪಾಪ, ಕಷ್ಟ ಇರಬಹುದು’ ಎಂಬ ಮೆತ್ತನೆ ಮಾತಿಲ್ಲ. ಕನ್ನಡದಲ್ಲಿ ಇದಕ್ಕೆ ಹತ್ತಿರದ್ದು ‘ತರಾಟೆಗೆ ತೆಗೆದುಕೊಂಡರು’, ‘ಮಾತಿನಲ್ಲೇ ಚರ್ಮ ಸುಲಿದರು’. ಬರಹವಾದರೆ ‘ಕಟುಟೀಕೆ’.

ಹಾಗಾಗಿ ಪದ ಬಳಸುವ ಮುನ್ನ ಮೂರು ಪ್ರಶ್ನೆ ಕೇಳಿಕೊಳ್ಳಿ. ಇದು ಆಡಿದ ಅಥವಾ ಬರೆದ ಮಾತೇ? ಅದು ಯಾರದೋ ಕೆಲಸದಲ್ಲಿ, ನಡತೆಯಲ್ಲಿ, ಯೋಜನೆಯಲ್ಲಿ ತಪ್ಪು ಹಿಡಿಯುತ್ತಿದೆಯೇ? ಅದರಲ್ಲಿ ಸ್ವಲ್ಪವೂ ದಾಕ್ಷಿಣ್ಯ ಇಲ್ಲವೇ? ಮೂರಕ್ಕೂ ‘ಹೌದು’ ಬಂದರೆ ಮಾತ್ರ ಸ್ಕೇದಿಂಗ್. ಒಂದಕ್ಕೆ ‘ಇಲ್ಲ’ ಬಂದರೂ ಬೇರೆ ಪದ ಹುಡುಕಿ. ನಾಲ್ಕು ಮಾತು ಬೈದು, ಎರಡು ಮಾತು ಹೊಗಳಿದ ವಿಮರ್ಶೆಗೆ ‘ಕ್ರಿಟಿಕಲ್’ ಸಾಕು.

ಮಾತಿಲ್ಲದೆ ಬರುವ ಒಂದು ಬಳಕೆ ಇದೆ: ‘ಎ ಸ್ಕೇದಿಂಗ್ ಲುಕ್’. ಬಾಯಿ ತೆರೆಯದೆ, ನೋಟದಲ್ಲೇ ಎಲ್ಲ ಹೇಳಿಬಿಡುವುದು. ಅಲ್ಲೂ ಆ ನೋಟ ಮಾತಿನ ಕೆಲಸವನ್ನೇ ಮಾಡುತ್ತಿದೆ. ಇದನ್ನು ಓದಿದಾಗ ಗುರುತು ಹಿಡಿಯಿರಿ, ನೀವು ಬರೆಯುವುದು ಆಮೇಲೆ.

ಹಂತ 3: ನಾಮಪದದ ಮುಂದೆ ಕೂರಿಸಿ

ಈ ಪದ ಜಾಸ್ತಿ ಕಾಣುವುದು ಒಂದು ನಾಮಪದದ ಮುಂದೆ. ಆ ನಾಮಪದ ಸಿಕ್ಕಿದ್ದೆಲ್ಲ ಆಗುವುದಿಲ್ಲ. ಅದಕ್ಕೆ ತನ್ನದೇ ನೆಂಟರ ಬಳಗ ಇದೆ: ಕ್ರಿಟಿಸಿಸಂ, ಅಟ್ಯಾಕ್, ರಿವ್ಯೂ, ರಿಪೋರ್ಟ್, ರಿಮಾರ್ಕ್ಸ್, ಕಾಮೆಂಟ್ಸ್, ಲೆಟರ್, ಸ್ಪೀಚ್, ಎಡಿಟೋರಿಯಲ್, ಇನ್‌ಡೈಟ್‌ಮೆಂಟ್. ಎಲ್ಲವೂ ಮಾತಿನ, ಬರಹದ ರೂಪಗಳೇ. ಕೊನೆಯದಕ್ಕೆ ದೋಷಾರೋಪ ಎಂದರ್ಥ. ಅದರ ಸ್ಪೆಲ್ಲಿಂಗ್‌ನಲ್ಲಿ ಒಂದು ಸಿ ಇದೆ, ಆದರೆ ಅದನ್ನು ಉಚ್ಚರಿಸುವುದಿಲ್ಲ. ‘ಇಂಡಿಕ್ಟ್‌ಮೆಂಟ್’ ಎನ್ನಬೇಡಿ.

“ದಿ ಕೋರ್ಟ್ ಮೇಡ್ ಸ್ಕೇದಿಂಗ್ ರಿಮಾರ್ಕ್ಸ್ ಅಬೌಟ್ ದಿ ಡಿಲೇ.” ವಿಳಂಬದ ಬಗ್ಗೆ ನ್ಯಾಯಾಲಯ ಛೀಮಾರಿ ಹಾಕಿತು.

“ದಿ ಪೇಪರ್ ಪಬ್ಲಿಶ್ಡ್ ಎ ಸ್ಕೇದಿಂಗ್ ಎಡಿಟೋರಿಯಲ್ ಆನ್ ದಿ ವಾಟರ್ ಸಪ್ಲೈ.” ನೀರು ಪೂರೈಕೆ ಬಗ್ಗೆ ಪತ್ರಿಕೆ ಕಟುವಾದ ಸಂಪಾದಕೀಯ ಬರೆಯಿತು.

ಇಲ್ಲಿ ‘ಎ’ ಎಂಬ ಪುಟ್ಟ ಪದದ ಕಡೆ ಗಮನ ಇರಲಿ. ಕನ್ನಡದಲ್ಲಿ ಅದಿಲ್ಲ, ಹಾಗಾಗಿ ನಮ್ಮ ಕೈ ಅದನ್ನು ಬಿಟ್ಟೇಬಿಡುತ್ತದೆ. ರಿವ್ಯೂ, ರಿಪೋರ್ಟ್, ಲೆಟರ್, ಅಟ್ಯಾಕ್ ಇವನ್ನು ಒಂದು, ಎರಡು ಎಂದು ಎಣಿಸಬಹುದು. ಒಂದೇ ಇದ್ದರೆ ‘ಎ ಸ್ಕೇದಿಂಗ್ ರಿವ್ಯೂ’. ಕ್ರಿಟಿಸಿಸಂ ಸಾಮಾನ್ಯವಾಗಿ ಎಣಿಕೆಗೆ ಸಿಗದ ಪದ. ಅಲ್ಲಿ ‘ಎ’ ಬೇಡ, ‘ಸ್ಕೇದಿಂಗ್ ಕ್ರಿಟಿಸಿಸಂ’ ಅಷ್ಟೇ. ರಿಮಾರ್ಕ್ಸ್, ಕಾಮೆಂಟ್ಸ್ ಬಹುವಚನ, ಅಲ್ಲೂ ‘ಎ’ ಬರುವುದಿಲ್ಲ.

ಯಾವ ಕ್ರಿಯಾಪದ ಜೊತೆಗೆ ಬರುತ್ತದೆ ಎಂಬುದನ್ನೂ ಜೋಡಿಯಾಗಿಯೇ ಕಲಿಯಿರಿ. ಅಟ್ಯಾಕ್‌ಗೆ ‘ಲಾಂಚ್’, ರಿಮಾರ್ಕ್ಸ್‌ಗೆ ‘ಮೇಕ್’, ರಿವ್ಯೂ ಮತ್ತು ಲೆಟರ್‌ಗೆ ‘ರೈಟ್’, ಸ್ಪೀಚ್‌ಗೆ ‘ಡೆಲಿವರ್’. ಟೀಕೆಗೆ ಗುರಿಯಾದವರ ಕಡೆಯಿಂದ ಹೇಳುವುದಾದರೆ ‘ರಿಸೀವ್’. ಅಟ್ಯಾಕ್ ಅಂದ ಕೂಡಲೇ ಹೊಡೆದಾಟ ಎಂದುಕೊಳ್ಳಬೇಡಿ. ಇಲ್ಲಿ ಅದು ಮಾತಿನ ದಾಳಿ.

ಎಚ್ಚರಿಕೆಯ ಗುರುತು: ನಾಮಪದದ ಜಾಗದಲ್ಲಿ ವಸ್ತು, ಹವೆ, ರುಚಿ, ನೋವು ಬಂದಿದ್ದರೆ ಅಲ್ಲೇ ನಿಲ್ಲಿ. ‘ಸ್ಕೇದಿಂಗ್ ಪೇನ್’ ಇಲ್ಲ. ‘ಸ್ಕೇದಿಂಗ್ ಟೀ’ ಇಲ್ಲ. ‘ಸ್ಕೇದಿಂಗ್ ಪನಿಶ್‌ಮೆಂಟ್’ ಕೂಡ ಇಲ್ಲ, ಶಿಕ್ಷೆ ಮಾತಲ್ಲ. ‘ಸ್ಕೇದಿಂಗ್ ಅಡ್ವೈಸ್’ ಎಂದು ಒಬ್ಬ ಹುಡುಗಿ ಬರೆದಿದ್ದಳು. ಅಡ್ವೈಸ್ ಮಾತೇನೋ ಹೌದು, ಆದರೆ ಅದು ತಪ್ಪು ಹಿಡಿಯಲು ಆಡಿದ್ದಲ್ಲ, ದಾರಿ ತೋರಿಸಲು ಆಡಿದ್ದು. ಎರಡನೆಯ ಪ್ರಶ್ನೆಯಲ್ಲೇ ಬಿದ್ದುಹೋಯಿತು.

ಹಂತ 4: ಮನುಷ್ಯರ ಬಗ್ಗೆ ಹೇಳುವಾಗ ‘ಅಬೌಟ್’ ಮರೆಯಬೇಡಿ

ಎರಡನೆಯ ವಿನ್ಯಾಸದಲ್ಲಿ ಪದ ‘ವಾಸ್’, ‘ವರ್’ ಆದಮೇಲೆ ಬರುತ್ತದೆ. ಇಲ್ಲಿ ಕರ್ತೃ ಮನುಷ್ಯರಾಗಬಹುದು.

“ಶೀ ವಾಸ್ ಸ್ಕೇದಿಂಗ್ ಅಬೌಟ್ ದಿ ನ್ಯೂ ಬಸ್ ಟೈಮಿಂಗ್ಸ್.” ಹೊಸ ಬಸ್ ಸಮಯದ ಬಗ್ಗೆ ಅವಳು ಖಡಕ್ಕಾಗಿ ಟೀಕಿಸಿದಳು.

‘ಎ ಸ್ಕೇದಿಂಗ್ ಮ್ಯಾನ್’ ಏಕೆ ತಪ್ಪು, ಇದು ಏಕೆ ಸರಿ? ಮೊದಲನೆಯದು ಮನುಷ್ಯನ ಸ್ವಭಾವ ಹೇಳಲು ಹೊರಟಿದೆ. ಸ್ವಭಾವಕ್ಕೆ ಈ ಪದ ಹೊಂದುವುದಿಲ್ಲ. ಎರಡನೆಯದು ಆ ಮನುಷ್ಯ ಒಂದು ಸಂದರ್ಭದಲ್ಲಿ, ಒಂದು ವಿಷಯದ ಬಗ್ಗೆ ಆಡಿದ ಮಾತನ್ನು ಹೇಳುತ್ತದೆ. ‘ಅಬೌಟ್’ ಬಂದ ಕೂಡಲೇ ಪದ ಮತ್ತೆ ಮಾತಿಗೆ ಅಂಟಿತು. ನಮ್ಮ ಕಡೆ ‘ಅವರ ಬಾಯಿ ಬಹಳ ಖಾರ’ ಎನ್ನುತ್ತೇವೆ. ಆ ಸ್ವಭಾವಕ್ಕೆ ಇಂಗ್ಲಿಷ್‌ನಲ್ಲಿ ‘ಶಾರ್ಪ್-ಟಂಗ್ಡ್’ ಎಂಬ ಪದವೇ ಇದೆ. ಅದನ್ನು ಬಳಸಿ.

‘ಅಬೌಟ್’ ಬದಲು ‘ಆಫ್’ ಕೂಡ ಬರುತ್ತದೆ: “ಹೀ ವಾಸ್ ಸ್ಕೇದಿಂಗ್ ಆಫ್ ದಿ ಪ್ಲ್ಯಾನ್.” ಎರಡೂ ಸರಿ. ಗೊಂದಲ ಇದ್ದರೆ ‘ಅಬೌಟ್’ ಹಿಡಿದುಕೊಳ್ಳಿ. ನಮ್ಮ ‘ಬಗ್ಗೆ’ಗೆ ಅದೇ ಹತ್ತಿರ. “ಶೀ ವಾಸ್ ಸ್ಕೇದಿಂಗ್ ಇನ್ ಹರ್ ಕ್ರಿಟಿಸಿಸಂ ಆಫ್ ದಿ ಪ್ಲ್ಯಾನ್” ಎಂಬುದೂ ಚೆನ್ನಾದ ವಿನ್ಯಾಸ. ಸ್ವಲ್ಪ ಪಳಗಿದ ಮೇಲೆ ಬಳಸಿ.

ಇಲ್ಲಿ ಕನ್ನಡ ನಮ್ಮ ಕೈ ಹಿಡಿದು ಎಳೆಯುವ ಒಂದು ಜಾಗ ಇದೆ. ‘ನನ್ನ ಮೇಲೆ ಹರಿಹಾಯ್ದರು’ ಎನ್ನುತ್ತೇವಲ್ಲ, ಆ ‘ಮೇಲೆ’ಯನ್ನು ಹಾಗೇ ತಂದು “ಹೀ ವಾಸ್ ಸ್ಕೇದಿಂಗ್ ಆನ್ ಮಿ” ಎಂದು ಬರೆಯುತ್ತಾರೆ. ತಪ್ಪು. ‘ಆನ್’ ಬರುವುದು ‘ಅಟ್ಯಾಕ್’ ಇದ್ದಾಗ: ‘ಎ ಸ್ಕೇದಿಂಗ್ ಅಟ್ಯಾಕ್ ಆನ್ ದಿ ಡಿಪಾರ್ಟ್‌ಮೆಂಟ್’. ‘ಕ್ರಿಟಿಸಿಸಂ’ ಮತ್ತು ‘ರಿವ್ಯೂ’ ಇದ್ದರೆ ‘ಆಫ್’. ‘ರಿಮಾರ್ಕ್ಸ್’ ಇದ್ದರೆ ‘ಅಬೌಟ್’. ‘ರಿಪೋರ್ಟ್’ ಇದ್ದರೆ ‘ಆನ್’. ಈ ನಾಲ್ಕು ಸಾಲನ್ನು ನೋಟ್‌ಬುಕ್‌ನ ಒಳ ರಟ್ಟಿನ ಮೇಲೆ ಬರೆದು ಅಂಟಿಸಿ. ನನ್ನ ತರಗತಿಯಲ್ಲಿ ಅತಿ ಹೆಚ್ಚು ಕೆಂಪು ಗೆರೆ ಬೀಳುವುದು ಇಲ್ಲೇ.

ಹಂತ 5: ಕೊನೆಯ ‘ಇಂಗ್’ ನೋಡಿ ಕ್ರಿಯಾಪದ ಎಂದುಕೊಳ್ಳಬೇಡಿ

‘ಈಟಿಂಗ್’, ‘ರನ್ನಿಂಗ್’ ನೋಡಿ ಅಭ್ಯಾಸವಾದ ಕಣ್ಣಿಗೆ ಇದೂ ಕ್ರಿಯಾಪದದಂತೆ ಕಾಣುತ್ತದೆ. ಆಮೇಲೆ “ಹೀ ಈಸ್ ಸ್ಕೇದಿಂಗ್ ಮಿ”, “ಹೀ ಸ್ಕೇದ್ಡ್ ಮಿ” ಹುಟ್ಟುತ್ತವೆ. ‘ಸ್ಕೇದ್’ ಎಂಬ ಹಳೆಯ ಕ್ರಿಯಾಪದ ಇದ್ದದ್ದು ನಿಜ. ಹಾನಿ ಮಾಡು, ಸುಡು ಎಂಬ ಅರ್ಥ. ಇಂದಿನ ಇಂಗ್ಲಿಷ್‌ನಲ್ಲಿ ಅದರ ಬಳಕೆ ಇಲ್ಲವೆನ್ನುವಷ್ಟು ಕಡಿಮೆ. ‘ಸ್ಕೇದಿಂಗ್’ ಅನ್ನು ‘ಇಂಟರೆಸ್ಟಿಂಗ್’ ತರಹದ ಗುಣವಾಚಕ ಎಂದೇ ತಿಳಿಯಿರಿ.

‘ನನ್ನನ್ನು ಬೈದರು’ ಎನ್ನಲು ‘ಸ್ಕೋಲ್ಡೆಡ್’ ಇದೆ. ತರಾಟೆಗೆ ತೆಗೆದುಕೊಂಡರು ಎನ್ನಬೇಕಾದರೆ “ಹೀ ಮೇಡ್ ಸ್ಕೇದಿಂಗ್ ರಿಮಾರ್ಕ್ಸ್ ಅಬೌಟ್ ಮೈ ವರ್ಕ್” ಎನ್ನಿ.

ಆ ಹಳೆಯ ಬೇರು ಇಂದಿಗೂ ಜೀವಂತ ಇರುವ ಇನ್ನೊಂದು ಜಾಗ ‘ಅನ್‌ಸ್ಕೇದ್ಡ್’. ಏನೂ ಪೆಟ್ಟಾಗದೆ ಎಂದರ್ಥ. ಹಿರಿಯೂರಿನ ಬಳಿ ಹೆದ್ದಾರಿಯಲ್ಲಿ ಲಾರಿ ಮಗುಚಿತು, ಡ್ರೈವರ್‌ಗೆ ಒಂದು ಗೀರೂ ಆಗಲಿಲ್ಲ ಅನ್ನಿ: “ದಿ ಡ್ರೈವರ್ ಎಸ್ಕೇಪ್ಡ್ ಅನ್‌ಸ್ಕೇದ್ಡ್.” ಇಲ್ಲಿ ಮಾತಿನ ಸಂಬಂಧ ಇಲ್ಲ, ಮೈಗೆ ಆಗುವ ಗಾಯದ ಸಂಬಂಧ. ಎರಡನ್ನೂ ಪಕ್ಕಪಕ್ಕ ಬರೆದುಕೊಳ್ಳಿ. ಮೈಗೆ ಗಾಯ ಆಗದಿದ್ದರೆ ಅನ್‌ಸ್ಕೇದ್ಡ್, ಮಾತು ಗಾಯ ಮಾಡಿದರೆ ಸ್ಕೇದಿಂಗ್. ಹೀಗೆ ಕಲಿತವರು ಮರೆತದ್ದು ನಾನು ನೋಡಿಲ್ಲ.

ಕ್ರಿಯಾವಿಶೇಷಣ ‘ಸ್ಕೇದಿಂಗ್ಲಿ’. “ಶೀ ರೋಟ್ ಸ್ಕೇದಿಂಗ್ಲಿ ಅಬೌಟ್ ದಿ ಪ್ರಾಜೆಕ್ಟ್.” ಅಷ್ಟು ಗೊತ್ತಿದ್ದರೆ ಸಾಕು.

ಹಂತ 6: ಅಕ್ಕಪಕ್ಕದ ಪದಗಳಿಂದ ಬೇರ್ಪಡಿಸಿ

ಚಿತ್ರದುರ್ಗದ ಕೋಟೆ ಬಂಡೆಗಳ ಮೇಲೆ ಏಪ್ರಿಲ್ ಮಧ್ಯಾಹ್ನ ನಿಂತವರಿಗೆ ಸುಡು ಬಿಸಿಲು ಏನೆಂದು ಗೊತ್ತು. ಆ ಬಿಸಿಲಿಗೆ ‘ಸ್ಕಾರ್ಚಿಂಗ್’. ಸದ್ದು ಹತ್ತಿರ ಇರುವುದರಿಂದಲೇ ಅರ್ಧ ಜನ ಅಲ್ಲಿ ಸ್ಕೇದಿಂಗ್ ಬರೆಯುತ್ತಾರೆ.

ಚಳ್ಳಕೆರೆ, ಮೊಳಕಾಲ್ಮುರು ಕಡೆ ಮಳೆ ಕೈಕೊಟ್ಟರೆ ಬರುವ ಬರಕ್ಕೆ ‘ಸಿವಿಯರ್ ಡ್ರೌಟ್’. ಸಿವಿಯರ್ ನೋವಿಗೂ ಆಗುತ್ತದೆ, ಶಿಕ್ಷೆಗೂ ಆಗುತ್ತದೆ, ಟೀಕೆಗೂ ಆಗುತ್ತದೆ. ‘ಹಾರ್ಶ್’ ಇನ್ನೂ ಅಗಲದ ಪದ. ಹವೆ, ಬೆಳಕು, ಶಿಕ್ಷೆ, ಮಾತು ಎಲ್ಲಕ್ಕೂ ಒಗ್ಗುತ್ತದೆ. ಸ್ಕೇದಿಂಗ್ ಬಗ್ಗೆ ಅನುಮಾನ ಬಂದಾಗ ‘ಹಾರ್ಶ್’ ಬರೆದರೆ ತಪ್ಪಾಗುವ ಸಂದರ್ಭ ಕಡಿಮೆ.

‘ಕಾಸ್ಟಿಕ್’ ಅನ್ನು ದಾವಣಗೆರೆಯವರಿಗೆ ಹೇಳಿಕೊಡುವುದು ಸುಲಭ. ಹತ್ತಿ ಗಿರಣಿಗಳಿಗೆ ಹೆಸರಾಗಿದ್ದ ಊರು ನಮ್ಮದು. ಬಟ್ಟೆಗೆ ಬಳಸುವ ಕಾಸ್ಟಿಕ್ ಸೋಡಾ ಕೈಗೆ ತಾಗಿದರೆ ಚರ್ಮ ತಿನ್ನುತ್ತದೆ. ಕಾಸ್ಟಿಕ್ ಮಾತೂ ಹಾಗೆ. ಚುರುಕಾಗಿ, ಚಿಕ್ಕದಾಗಿ ಬಂದು ತಿನ್ನುತ್ತದೆ. ಅದರಲ್ಲಿ ಒಂದು ಬಗೆಯ ಹಾಸ್ಯವೂ ಇರಬಹುದು. ಅದಕ್ಕೇ ‘ಕಾಸ್ಟಿಕ್ ವಿಟ್’ ಎನ್ನುತ್ತಾರೆ.

‘ವಿದರಿಂಗ್’ ಬಾಡಿಸುವಂಥದ್ದು. ಎದುರಿನವರು ಕುಗ್ಗಿಹೋಗುತ್ತಾರೆ. ನೋಟದ ಜೊತೆ ಇದು ಚೆನ್ನಾಗಿ ಹೊಂದುತ್ತದೆ. ‘ವಿಟ್ರಿಯಾಲಿಕ್’ ಎಲ್ಲಕ್ಕಿಂತ ವಿಷ. ವಿಟ್ರಿಯಲ್ ಅಂದರೆ ಗಂಧಕಾಮ್ಲದ ಹಳೆಯ ಹೆಸರು. ದ್ವೇಷ ತುಂಬಿದ ಮಾತಿಗೆ ಅದು ಸರಿ. ಗ್ರಾಮಸಭೆಯ ಅಜ್ಜಿಯಲ್ಲಿ ದ್ವೇಷ ಇರಲಿಲ್ಲ, ಹಾಗಾಗಿ ಅವಳ ಮಾತು ವಿಟ್ರಿಯಾಲಿಕ್ ಅಲ್ಲ. ‘ಸಾರ್ಕಾಸ್ಟಿಕ್’ ನಮ್ಮ ಕೊಂಕು. ಮನಸ್ಸಿನಲ್ಲಿ ಇರುವುದಕ್ಕೆ ಉಲ್ಟಾ ಹೇಳಿ ಚುಚ್ಚುವುದು. ‘ಅಬ್ಯೂಸಿವ್’ ಅಂದರೆ ಹೊಲಸು ಬೈಗುಳ.

ನಮ್ಮ ‘ಕಟು’ ಎಂಬ ಪದವೂ ದಾರಿ ತಪ್ಪಿಸುತ್ತದೆ. ಕಟುಟೀಕೆ ಸ್ಕೇದಿಂಗ್ ಕ್ರಿಟಿಸಿಸಂ ಆಗುತ್ತದೆ ಎಂದು ಕಟುಸತ್ಯವನ್ನು ‘ಸ್ಕೇದಿಂಗ್ ಟ್ರೂತ್’ ಎಂದು ಬರೆಯುತ್ತಾರೆ. ಇಂಗ್ಲಿಷ್‌ನವರಿಗೆ ಸತ್ಯ ಕಹಿ, ‘ಬಿಟರ್ ಟ್ರೂತ್’. ಕಹಿ ಅನುಭವವೂ ‘ಬಿಟರ್ ಎಕ್ಸ್‌ಪೀರಿಯೆನ್ಸ್’.

ಹಂತ 7: ಕನ್ನಡ ವಾಕ್ಯದಿಂದ ಇಂಗ್ಲಿಷ್ ವಾಕ್ಯ ಕಟ್ಟಿ

ಈಗ ಬರೆಯಲು ಕೂರಿ. ಕನ್ನಡ ಪತ್ರಿಕೆಯ ನಮ್ಮ ಜಿಲ್ಲೆಯ ಪುಟ ತೆಗೆಯಿರಿ. ‘ತರಾಟೆ’ ಎಂಬ ಪದ ಒಂದು ವಾರದಲ್ಲಿ ಎಲ್ಲಾದರೂ ಸಿಕ್ಕೇ ಸಿಗುತ್ತದೆ. ಇಂಥ ವಾಕ್ಯ ಸಿಕ್ಕಿತು ಎಂದಿಟ್ಟುಕೊಳ್ಳಿ: ‘ಬಸ್ ನಿಲ್ದಾಣದ ಶೌಚಾಲಯಗಳ ಸ್ಥಿತಿ ಕುರಿತು ಸದಸ್ಯರು ಸಭೆಯಲ್ಲಿ ಅಧಿಕಾರಿಗಳನ್ನು ತರಾಟೆಗೆ ತೆಗೆದುಕೊಂಡರು.’

ಪದಕ್ಕೆ ಪದ ಇಡಲು ಹೋಗಬೇಡಿ. ಮೊದಲು ಒಡೆಯಿರಿ. ಮಾತಾಡಿದ್ದು ಯಾರು? ಸದಸ್ಯರು. ಯಾವುದರ ಬಗ್ಗೆ? ಶೌಚಾಲಯಗಳ ಸ್ಥಿತಿ. ಮಾತಿನ ರೂಪ ಯಾವುದು? ಸಭೆಯಲ್ಲಿ ಆಡಿದ ಮಾತು. ಈಗ ಎರಡು ವಿನ್ಯಾಸದಲ್ಲೂ ಬರೆಯಿರಿ.

“ಮೆಂಬರ್ಸ್ ವರ್ ಸ್ಕೇದಿಂಗ್ ಅಬೌಟ್ ದಿ ಕಂಡಿಷನ್ ಆಫ್ ದಿ ಬಸ್ ಸ್ಟ್ಯಾಂಡ್ ಟಾಯ್ಲೆಟ್ಸ್.”

“ಮೆಂಬರ್ಸ್ ಲಾಂಚ್ಡ್ ಎ ಸ್ಕೇದಿಂಗ್ ಅಟ್ಯಾಕ್ ಆನ್ ದಿ ಆಫೀಸರ್ಸ್ ಓವರ್ ದಿ ಬಸ್ ಸ್ಟ್ಯಾಂಡ್ ಟಾಯ್ಲೆಟ್ಸ್.”

ಮೊದಲನೆಯದರಲ್ಲಿ ಗುರಿ ಶೌಚಾಲಯದ ಸ್ಥಿತಿ. ಎರಡನೆಯದರಲ್ಲಿ ಗುರಿ ಅಧಿಕಾರಿಗಳು, ಕಾರಣಕ್ಕೆ ‘ಓವರ್’ ಬಂತು. ನೀವು ಏನನ್ನು ಮುಂದೆ ಮಾಡಬೇಕು ಎಂಬುದರ ಮೇಲೆ ಆಯ್ಕೆ ಮಾಡಿ.

ಇಷ್ಟಕ್ಕೇ ನಿಲ್ಲಿಸಬೇಡಿ. ಅವರು ಏನು ಹೇಳಿದರು ಎಂಬುದನ್ನು ಮುಂದಿನ ವಾಕ್ಯದಲ್ಲಿ ಕೊಡಿ: “ದೇ ಸೆಡ್ ದೇರ್ ಹ್ಯಾಡ್ ಬೀನ್ ನೋ ವಾಟರ್ ಫಾರ್ ತ್ರೀ ವೀಕ್ಸ್.” ಸ್ಕೇದಿಂಗ್ ಎಂದು ಹೇಳಿ ಒಂದು ಮಾತನ್ನೂ ತೋರಿಸದಿದ್ದರೆ ಓದುವವರು ನಂಬುವುದು ಹೇಗೆ? ಗಟ್ಟಿ ಪದ ಇಟ್ಟ ಮೇಲೆ ಅದಕ್ಕೆ ತಕ್ಕ ಸಾಕ್ಷಿ ಇರಲೇಬೇಕು.

ಸ್ಕೇದಿಂಗ್ ಪದದ ಮುಂದೆ ‘ವೆರಿ’ ಸೇರಿಸುವ ಆಸೆ ಬಿಡಿ. ವ್ಯಾಕರಣ ತಪ್ಪಲ್ಲ, ಆದರೆ ಪದದಲ್ಲೇ ಖಾರ ತುಂಬಿದೆ. ಬೇಕೇ ಬೇಕು ಅನ್ನಿಸಿದರೆ ‘ಪರ್ಟಿಕ್ಯುಲರ್ಲಿ ಸ್ಕೇದಿಂಗ್’ ಎನ್ನಿ.

ಹಂತ 8: ಪರೀಕ್ಷೆಯ ‘ಟೋನ್’ ಪ್ರಶ್ನೆ

ಬ್ಯಾಂಕ್ ಮತ್ತು ಎಂಬಿಎ ಪ್ರವೇಶ ಪರೀಕ್ಷೆಗೆ ಓದುವವರಿಗೆ ಈ ಹಂತ. ಒಂದು ಗದ್ಯಭಾಗ ಕೊಟ್ಟು ಲೇಖಕರ ದನಿ ಯಾವುದು ಎಂದು ಕೇಳಿದಾಗ ಆಯ್ಕೆಗಳಲ್ಲಿ ಸ್ಕೇದಿಂಗ್ ಇರಬಹುದು. ಕಷ್ಟದ ಪದ ಕಂಡ ಕೂಡಲೇ ಟಿಕ್ ಹಾಕಬೇಡಿ.

ಗದ್ಯದಲ್ಲಿ ‘ಹೌಎವರ್’, ‘ಟು ಬಿ ಫೇರ್’ ಥರದ ಮಾತು ಹುಡುಕಿ. ಅಂಥ ಕಡೆ ಲೇಖಕರು ಎದುರಿನವರಿಗೂ ಸ್ವಲ್ಪ ಜಾಗ ಕೊಟ್ಟಿರುತ್ತಾರೆ. ಹಾಗಿದ್ದರೆ ‘ಕ್ರಿಟಿಕಲ್’ ಅಥವಾ ‘ಬ್ಯಾಲೆನ್ಸ್ಡ್’ ನೋಡಿ. ಲೇಖಕರು ನಂಬದೆ ಪ್ರಶ್ನೆ ಮಾತ್ರ ಎತ್ತಿದ್ದರೆ ‘ಸ್ಕೆಪ್ಟಿಕಲ್’. ನಗಿಸುತ್ತಾ ಬಣ್ಣ ಬಯಲು ಮಾಡಿದ್ದರೆ ‘ಸಟೈರಿಕಲ್’. ಮೊದಲಿನಿಂದ ಕೊನೆಯವರೆಗೆ ತಪ್ಪಿನ ಮೇಲೆ ತಪ್ಪು, ಎಲ್ಲೂ ವಿನಾಯಿತಿ ಇಲ್ಲ ಎಂದಾದರೆ ‘ಸ್ಕೇದಿಂಗ್’.

ಹಂತ 9: ಎಲ್ಲಿ ಬಳಸಬಾರದು

ನಿಮ್ಮದೇ ಪತ್ರಕ್ಕೆ ಈ ಹೆಸರು ಕೊಡಬೇಡಿ. “ಐ ಆಮ್ ರೈಟಿಂಗ್ ದಿಸ್ ಸ್ಕೇದಿಂಗ್ ಲೆಟರ್” ಎಂದು ದೂರು ಶುರು ಮಾಡಿದವರನ್ನು ನೋಡಿದ್ದೇನೆ. ಪತ್ರ ಓದಿದವರು ಹಾಗೆ ಕರೆಯಬೇಕು, ಬರೆದವರಲ್ಲ. ದೂರು ಕೊಡುವಾಗ ದಿನಾಂಕ, ರಸೀದಿ ಸಂಖ್ಯೆ, ಏನಾಯಿತು, ಏನು ಬೇಕು ಇಷ್ಟನ್ನು ಬರೆಯಿರಿ. ಕೆಲವು ವರ್ಷದ ಹಿಂದೆ ಒಂದು ಕಚೇರಿ ನನ್ನ ಅರ್ಜಿಯನ್ನು ಎರಡು ಸಲ ಕಳೆದುಹಾಕಿತು. ನಾನು ಬರೆದ ಪತ್ರದಲ್ಲಿ ಒಂದೂ ಗುಣವಾಚಕ ಇರಲಿಲ್ಲ. ಎರಡು ದಿನಾಂಕ, ಎರಡು ಸ್ವೀಕೃತಿ ಸಂಖ್ಯೆ, ಮೂರು ಪ್ರಶ್ನೆ. ಕೆಲಸ ಆಯಿತು.

ಕೆಲಸದ ಸಂದರ್ಶನದಲ್ಲಿ ಹಳೆಯ ಮೇಲಧಿಕಾರಿಯ ಬಗ್ಗೆ ಈ ಪದ ಬೇಡ. ಗೆಳೆಯರ ತಮಾಷೆಯ ಕಾಲೆಳೆತಕ್ಕೂ ಬೇಡ, ಅದು ‘ಟೀಸಿಂಗ್’. ಮಕ್ಕಳಿಗೆ ಮೇಷ್ಟ್ರು ಗದರಿದ್ದಕ್ಕೂ ಬೇಡ.

ಹಂತ 10: ನೀವೇ ಪರೀಕ್ಷಿಸಿಕೊಳ್ಳಿ

ಮೊದಲ ನಾಲ್ಕು ವಾಕ್ಯಗಳಿಗೆ ವಾಪಸ್ ಬನ್ನಿ. ಕೆಳಗೆ ನೋಡದೆ ನೀವೇ ತಿದ್ದಿ, ಆಮೇಲೆ ಹೋಲಿಸಿ.

ಬಿಸಿಲು: “ದಿ ಸನ್ ಈಸ್ ಸ್ಕಾರ್ಚಿಂಗ್ ಇನ್ ಚಿತ್ರದುರ್ಗ.”

ಮಂಡಕ್ಕಿಯ ಜೊತೆ ತಿಂದ ಮೆಣಸಿನಕಾಯಿ ಬಜ್ಜಿ: “ದಿ ಮಿರ್ಚಿ ವಾಸ್ ವೆರಿ ಸ್ಪೈಸಿ.” ಬಾಣಲೆಯಿಂದ ಆಗತಾನೇ ತೆಗೆದ ಬಿಸಿಯನ್ನು ಹೇಳಬೇಕಾದರೆ ‘ಹಾಟ್’.

ಬಾಸ್: “ಮೈ ಬಾಸ್ ಮೇಡ್ ಸ್ಕೇದಿಂಗ್ ರಿಮಾರ್ಕ್ಸ್ ಅಬೌಟ್ ಮೈ ರಿಪೋರ್ಟ್.” ಸುಮ್ನೆ ಬೈದಿದ್ದರೆ ‘ಸ್ಕೋಲ್ಡೆಡ್ ಮಿ’.

ನಾಲ್ಕನೆಯ ವಾಕ್ಯ ಬರೆದವನು ಜಗಳೂರು ಕಡೆಯ ಹುಡುಗ. ತಿದ್ದುವ ಮೊದಲು ಅವನನ್ನು ಕೇಳಿದೆ: “ನಿಮ್ಮಪ್ಪ ಯಾರಿಗೆ ಬೈತಾರಪ್ಪ? ಯಾವಾಗಲೂ, ಎಲ್ಲರಿಗೂ ಬೈತಾರಾ?” ಅವನು ಸ್ವಲ್ಪ ಹೊತ್ತು ಯೋಚಿಸಿದ. “ಇಲ್ಲ ಸರ್. ನಮ್ಮ ಹೊಲದಲ್ಲಿ ಬೋರ್ ಕೊರೆಸ್ತೀನಿ ಅಂತ ಒಬ್ಬ ಏಜೆಂಟ್ ದುಡ್ಡು ತಗೊಂಡು ಹೋದ. ಆಮೇಲೆ ಬರಲೇ ಇಲ್ಲ. ಅವನ ವಿಷಯ ಬಂದಾಗ ಮಾತ್ರ” ಎಂದ. ‘ಹಾಗಾದರೆ ಅದನ್ನೇ ಬರಿ’ ಎಂದೆ. ಅವನು ಬರೆದ ವಾಕ್ಯಕ್ಕೆ ಕೆಂಪು ಪೆನ್ನು ಮುಟ್ಟಿಸಲಿಲ್ಲ: “ಮೈ ಫಾದರ್ ವಾಸ್ ಸ್ಕೇದಿಂಗ್ ಅಬೌಟ್ ದಿ ಏಜೆಂಟ್ ಹೂ ಟುಕ್ ಅವರ್ ಮನಿ ಅಂಡ್ ನೆವರ್ ಕೇಮ್ ಬ್ಯಾಕ್.”